ದುಬಾರಿ ಸ್ಮಾರ್ಟ್ ಸ್ಕೇಲ್ ಬೇಕಾ, ಮನೆಯಲ್ಲಿರುವ ತೂಕದ ಮಷಿನ್ ಸಾಕಾ?

ಬೆಳಗಿನ ನಡಿಗೆ:

ಎಲ್ಲರಿಗೂ ನಮಸ್ಕಾರ. ಒಂದು ಸ್ಮಾರ್ಟ್ ಸ್ಕೇಲ್ ತಗೊಳ್ಳಬೇಕೋ ಬೇಡವೋ ಎಂದು ತಲೆ ಕೆಡಿಸಿಕೊಂಡಿದ್ದೇನೆ. ತಿಳಿದವರು ಸ್ವಲ್ಪ ದಾರಿ ತೋರಿಸಿ.

ನನ್ನ ವಿವರ ಹೇಳಿಬಿಡುತ್ತೇನೆ. ಹೆಂಗಸು, ವಯಸ್ಸು 44, ಎತ್ತರ 162 ಸೆಂಟಿಮೀಟರ್, ತೂಕ 68 ಕಿಲೋ. ಮೊದಲು ಬರೀ ವಾಕಿಂಗ್ ಮಾಡುತ್ತಿದ್ದೆ. ಕೆಲವು ತಿಂಗಳಿಂದ ಡಂಬೆಲ್ ಎತ್ತುವುದನ್ನೂ ಶುರು ಮಾಡಿದ್ದೇನೆ. ಬಟ್ಟೆ ಸಡಿಲ ಆಗಿದೆ. ಮೆಟ್ಟಿಲು ಹತ್ತಿದರೆ ಮೊದಲಿನ ಹಾಗೆ ಏದುಸಿರು ಬರುವುದಿಲ್ಲ. ಆದರೆ ತೂಕ ಮಾತ್ರ 68ರ ಆಸುಪಾಸಿನಲ್ಲೇ ನಿಂತುಬಿಟ್ಟಿದೆ. ಕೊಬ್ಬು ಇಳಿದು ಸ್ನಾಯು ಬರುತ್ತಿದೆಯಾ, ಇಲ್ಲಾ ನಾನೇ ಸುಮ್ನೆ ಸಮಾಧಾನ ಮಾಡಿಕೊಳ್ಳುತ್ತಿದ್ದೇನಾ? ಅದು ನನಗೆ ಗೊತ್ತಾಗಬೇಕು.

ಗೆಳತಿಯ ಮನೆಯಲ್ಲಿ ಒಂದು ಸ್ಮಾರ್ಟ್ ಸ್ಕೇಲ್ ಇದೆ. ಅಲ್ಲಿ ಉಳಿದುಕೊಂಡಿದ್ದಾಗ ಸಂಜೆ ಅದರ ಮೇಲೆ ನಿಂತೆ. ಕೊಬ್ಬು ಶೇ 34 ಎಂದು ತೋರಿಸಿತು. ಮರುದಿನ ಬೆಳಿಗ್ಗೆ ನಿಂತರೆ ಶೇ 35.5. ಇದು ಅಗ್ಗದ ಮಾಡೆಲ್, ಅದಕ್ಕೇ ಹೀಗೆ, ದುಬಾರಿಯದು ಸರಿಯಾಗಿ ತೋರಿಸುತ್ತದೆ ಎಂದು ಅವಳು ಹೇಳಿದಳು. ಈಗ ನಾನು ನೋಡಿಟ್ಟಿರುವುದು ಕೈಯಲ್ಲಿ ಹಿಡಿಯುವ ಹಿಡಿಕೆಯೂ ಇರುವಂಥದ್ದು. ಎಂಟು ಎಲೆಕ್ಟ್ರೋಡ್, ಅಂದರೆ ಕೈ ಕಾಲಿಗೆ ತಾಗುವ ಲೋಹದ ಬಿಲ್ಲೆ. ಕೊಬ್ಬು, ಸ್ನಾಯು, ನೀರು, ಮೂಳೆ, ವಿಸರಲ್ ಫ್ಯಾಟ್, ಬಿಎಂಆರ್, ಮೆಟಬಾಲಿಕ್ ಏಜ್ ಎಲ್ಲಾ ತೋರಿಸುತ್ತದಂತೆ. ಸಾದಾ ಮಷಿನ್‌ಗಿಂತ ಬೆಲೆ ಎಷ್ಟೋ ಪಟ್ಟು ಜಾಸ್ತಿ.

ಅಕ್ಷರ ದೊಡ್ಡದಾಗಿ ಕಾಣುವ ಡಿಸ್‌ಪ್ಲೇ ಇದ್ದರೆ ಇನ್ನೂ ಒಳ್ಳೆಯದು. ಮನೆಯಲ್ಲಿ ನಮ್ಮ ಮಾವನವರೂ ಬಳಸುತ್ತಾರೆ. ಅವರಿಗೆ ಪೇಸ್‌ಮೇಕರ್ ಹಾಕಿದ ಮೇಲೆ ದಿನಾ ತೂಕ ನೋಡಿಕೊಳ್ಳುವ ಅಭ್ಯಾಸ ಆಗಿದೆ.

ಸಂಜೆ ಓಟ:

ನನ್ನ ಹತ್ತಿರ ಒಂದಿದೆ, ನನಗೆ ಅದರಿಂದ ಉಪಯೋಗ ಆಗಿದೆ. ಬೆಳಿಗ್ಗೆ ಎದ್ದು ಮೇಲೆ ನಿಂತರೆ ಸಾಕು, ತೂಕ ತಾನಾಗಿಯೇ ಫೋನ್‌ಗೆ ಹೋಗುತ್ತದೆ. ಬರೆದಿಟ್ಟುಕೊಳ್ಳುವ ರಗಳೆ ಇಲ್ಲ. ವರ್ಷದ ಗ್ರಾಫ್ ನೋಡಿದರೆ ಯಾವಾಗ ಕೈ ಬಿಟ್ಟೆ, ಯಾವಾಗ ಹಿಡಿತಕ್ಕೆ ತಂದೆ ಎಂದು ಒಂದೇ ನೋಟಕ್ಕೆ ಗೊತ್ತಾಗುತ್ತದೆ. ಪುಸ್ತಕದಲ್ಲಿ ಬರೆಯುತ್ತಿದ್ದರೆ ನಾನು ಯಾವಾಗಲೋ ನಿಲ್ಲಿಸಿಬಿಡುತ್ತಿದ್ದೆ.

ಕೊಬ್ಬಿನ ಅಂಕಿ ಮೇಲೆ ಕೆಳಗೆ ಆಗುತ್ತದೆ, ನಿಜ. ನಾನು ಆ ದಿನದ ಅಂಕಿಗಿಂತ ಒಟ್ಟು ದಿಕ್ಕನ್ನು ನೋಡುತ್ತೇನೆ. ಹಾಗೆ ನೋಡಿದರೆ ತಗೊಳ್ಳಬಹುದು ಎಂದು ನನ್ನ ಅಭಿಪ್ರಾಯ.

ಸ್ಕ್ಯಾನ್ ಕೋಣೆ:

ಮೊದಲು ನಿಮ್ಮ ಮಾವನವರ ವಿಷಯ, ಉಳಿದದ್ದು ಆಮೇಲೆ. ಪೇಸ್‌ಮೇಕರ್ ಇರುವವರು ಕೊಬ್ಬು ಅಳೆಯುವ ಸ್ಕೇಲ್ ಮೇಲೆ ನಿಲ್ಲಬಾರದು. ಈ ಸ್ಕೇಲ್‌ಗಳು ಪಾದದಿಂದ ಮೈಯೊಳಗೆ ಸಣ್ಣ ಕರೆಂಟ್ ಹರಿಸುತ್ತವೆ. ನಮಗೆ ನಿಮಗೆ ಅದು ಗೊತ್ತೂ ಆಗುವುದಿಲ್ಲ, ತೊಂದರೆಯೂ ಇಲ್ಲ. ಆದರೆ ಪೇಸ್‌ಮೇಕರ್‌ನಂಥ ಸಾಧನ ಒಳಗೆ ಇರುವವರು ಬಳಸಬೇಡಿ ಎಂದು ತಯಾರಿಸುವ ಕಂಪನಿಗಳೇ ಕೈಪಿಡಿಯಲ್ಲಿ ಬರೆಯುತ್ತವೆ. ಗರ್ಭಿಣಿಯರಿಗೂ ಸಾಮಾನ್ಯವಾಗಿ ಬೇಡ ಎಂದೇ ಬರೆದಿರುತ್ತದೆ. ಕೆಲವು ಮಾಡೆಲ್‌ಗಳಲ್ಲಿ ಕರೆಂಟ್ ಆಫ್ ಮಾಡಿ ತೂಕ ಮಾತ್ರ ನೋಡುವ ಮೋಡ್ ಇದೆ. ಆದರೂ ಒಂದೇ ಸ್ಕೇಲನ್ನು ಇಬ್ಬರೂ ಬಳಸುವ ಮನೆಯಲ್ಲಿ ಬೆಳಿಗ್ಗೆ ಎದ್ದ ಕೂಡಲೇ ಯಾರು ಮೋಡ್ ನೋಡುತ್ತಾರೆ? ನೀವು ಏನು ತಗೊಂಡರೂ ಸರಿ, ಅವರಿಗೆ ಈಗಿನ ಸಾದಾ ಮಷಿನ್ ಹಾಗೇ ಇರಲಿ. ಹೊಸದು ಮನೆಗೆ ಬಂದರೆ ಅದರ ಮೇಲೆ ನಿಲ್ಲಬೇಡಿ ಎಂದು ಅವರಿಗೆ ಬಿಡಿಸಿ ಹೇಳಿ.

ಈಗ ನಿಮ್ಮ ಪ್ರಶ್ನೆಗೆ. ನಾನು ಡೆಕ್ಸಾ ಸ್ಕ್ಯಾನ್ ಮಾಡುವ ಟೆಕ್ನಿಷಿಯನ್. ಮೇಜಿನ ಮೇಲೆ ಮಲಗಿಸಿ, ಎರಡು ಬೇರೆ ಬೇರೆ ಶಕ್ತಿಯ ಎಕ್ಸ್-ರೇ ಹಾಯಿಸಿ, ಮೂಳೆ, ಕೊಬ್ಬು, ಉಳಿದ ಮೈ ಎಷ್ಟೆಷ್ಟು ಎಂದು ನೋಡುವ ಯಂತ್ರ ಅದು. ಬರುವವರಲ್ಲಿ ಎಷ್ಟೋ ಜನ ತಮ್ಮ ಸ್ಕೇಲ್‌ನ ಆ್ಯಪ್ ತೆರೆದು ಫೋನ್ ಮುಂದೆ ಹಿಡಿಯುತ್ತಾರೆ. ಎರಡೂ ಒಂದೇ ಬರುತ್ತದಾ ನೋಡಿ ಎನ್ನುತ್ತಾರೆ. ಕೆಲವರಿಗೆ ಹತ್ತಿರ ಬರುತ್ತದೆ. ಕೆಲವರಿಗೆ ತುಂಬಾ ದೂರ. ಯಾರಿಗೆ ಹತ್ತಿರ ಬರುತ್ತದೆ, ಯಾರಿಗೆ ಇಲ್ಲ ಎಂದು ಮುಂಚೆಯೇ ಹೇಳಲು ಆಗುವುದಿಲ್ಲ. ನನ್ನ ಮಟ್ಟಿಗೆ ದೊಡ್ಡ ತೊಂದರೆ ಇರುವುದೇ ಇಲ್ಲಿ. ನೂರಾರು ಜನರನ್ನು ಒಟ್ಟಿಗೆ ಅಳೆದು ಸರಾಸರಿ ತೆಗೆದರೆ ಸ್ಕೇಲ್ ಪರವಾಗಿಲ್ಲ ಎನಿಸುತ್ತದೆ. ಆದರೆ ಮನೆಯಲ್ಲಿ ಅದರ ಮೇಲೆ ನಿಲ್ಲುವುದು ನೀವೊಬ್ಬರೇ, ಅಲ್ವಾ?

ಈ ಸ್ಕೇಲ್ ನಿಜವಾಗಿ ಅಳೆಯುವುದು ಎರಡೇ ಸಂಗತಿ. ಒಂದು ತೂಕ. ನಾಲ್ಕು ಮೂಲೆಯಲ್ಲಿ ಲೋಡ್ ಸೆಲ್ ಇರುತ್ತವೆ, ಭಾರ ಬಿದ್ದಾಗ ಅದರ ಲೋಹ ಕೂದಲೆಳೆಯಷ್ಟು ಬಾಗುತ್ತದೆ, ಅದರಿಂದ ತೂಕ ಲೆಕ್ಕ ಹಾಕುತ್ತದೆ. ಈ ಕೆಲಸವನ್ನು ಅಗ್ಗದ ಮಷಿನ್ ಕೂಡ ಚೆನ್ನಾಗಿಯೇ ಮಾಡುತ್ತದೆ. ಇನ್ನೊಂದು, ಕರೆಂಟ್ ಹರಿಯಲು ಮೈ ಎಷ್ಟು ಅಡ್ಡಿ ಮಾಡುತ್ತದೆ ಎಂಬುದು. ಸಾಮಾನ್ಯವಾಗಿ 50 ಕಿಲೋಹರ್ಟ್ಜ್, ಒಂದು ಮಿಲಿಆಂಪಿಯರ್‌ಗಿಂತ ಕಡಿಮೆ ಕರೆಂಟ್. ಕೊಬ್ಬು ಬಿಟ್ಟು ಉಳಿದ ಮೈಯಲ್ಲಿ ಸುಮಾರು ಶೇ 73 ನೀರು, ಅದರಲ್ಲಿ ಲವಣ ಇರುವುದರಿಂದ ಕರೆಂಟ್ ಸುಲಭವಾಗಿ ಹರಿಯುತ್ತದೆ. ಕೊಬ್ಬಿನಲ್ಲಿ ನೀರು ಕಡಿಮೆ, ಅಡ್ಡಿ ಜಾಸ್ತಿ.

ಈ ಉಪಾಯ ಹಳೆಯದೇ. 1960ರ ದಶಕದ ಶುರುವಿನಲ್ಲಿ ಫ್ರಾನ್ಸಿನ ತೋಮಾಸೆ ಎಂಬ ವೈದ್ಯರು ಚರ್ಮದ ಕೆಳಗೆ ಸೂಜಿ ಇಟ್ಟು ಇದನ್ನು ಅಳೆದರು. 1969ರಲ್ಲಿ ಹಾಫರ್ ಮತ್ತು ಜೊತೆಗಾರರು, ಎತ್ತರದ ವರ್ಗವನ್ನು (ಎತ್ತರವನ್ನು ಎತ್ತರದಿಂದಲೇ ಗುಣಿಸಿದ್ದು) ಈ ಅಡ್ಡಿಯಿಂದ ಭಾಗಿಸಿದರೆ ಮೈಯಲ್ಲಿರುವ ಒಟ್ಟು ನೀರಿಗೆ ಚೆನ್ನಾಗಿ ಹೊಂದುತ್ತದೆ ಎಂದು ತೋರಿಸಿದರು. ಗಮನಿಸಿ, ನೀರಿಗೆ. ಆ ನೀರಿನಿಂದ ಕೊಬ್ಬಿಲ್ಲದ ಮೈ ಎಷ್ಟು ಎಂದು ಅಂದಾಜು, ಅದನ್ನು ತೂಕದಿಂದ ಕಳೆದರೆ ಕೊಬ್ಬು. ಮೊದಲಿನ ಅಂದಾಜು ತಪ್ಪಿದರೆ ಆ ತಪ್ಪು ಪೂರ್ತಿ ಕೊಬ್ಬಿನ ಲೆಕ್ಕಕ್ಕೇ ಬಂದು ಬೀಳುತ್ತದೆ.

ಈ ಅಂದಾಜಿಗೆ ಸೂತ್ರ ಬೇಕು. ಕಂಪನಿಗಳು ತಮ್ಮ ಸೂತ್ರವನ್ನು ಹೇಳುವುದಿಲ್ಲ. ಆದರೆ ಸಂಶೋಧಕರು ಪ್ರಕಟಿಸಿದವು ಇವೆ. 2001ರ ಜಿನೀವಾ ಸೂತ್ರ ಎಂಬುದೊಂದಿದೆ. ಅದರಲ್ಲಿ ಎತ್ತರ, ತೂಕ ಮತ್ತು ಕರೆಂಟಿನ ಅಳತೆಗಳ ಜೊತೆ ಇನ್ನೊಂದು ಅಂಶ ಇದೆ: ಗಂಡಸಾದರೆ ಕೊಬ್ಬಿಲ್ಲದ ಮೈಯ ಲೆಕ್ಕಕ್ಕೆ 4.229 ಕಿಲೋ ಕೂಡಿಸಬೇಕು. ಅಂದರೆ ಅದೇ ಮೈ, ಅದೇ ಕರೆಂಟ್, ಅದೇ ತೂಕ ಇಟ್ಟುಕೊಂಡು ಹೆಣ್ಣು ಎನ್ನುವ ಕಡೆ ಗಂಡು ಎಂದು ಬರೆದರೆ, ನಾಲ್ಕು ಕಿಲೋಗಿಂತ ಜಾಸ್ತಿ ಕೊಬ್ಬು ಲೆಕ್ಕದಲ್ಲೇ ಮಾಯ. ಗೆಳತಿಯ ಸ್ಕೇಲ್‌ನಲ್ಲಿ ನೀವೇ ಪರೀಕ್ಷೆ ಮಾಡಿ. ಒಂದು ಸಲ ನಿಮ್ಮ ಸರಿಯಾದ ವಿವರ ಹಾಕಿ ನಿಲ್ಲಿ. ತಕ್ಷಣ ಎತ್ತರವನ್ನೋ ವಯಸ್ಸನ್ನೋ ಬದಲಾಯಿಸಿ ಮತ್ತೆ ನಿಲ್ಲಿ. ಅಥ್ಲೀಟ್ ಮೋಡ್ ಇದ್ದರೆ ಅದನ್ನೂ ಒತ್ತಿ ನೋಡಿ. ಅಂಕಿ ಎಷ್ಟು ಬದಲಾಗುತ್ತದೋ ಅಷ್ಟು ಭಾಗ ನಿಮ್ಮ ಮೈಯಿಂದ ಬಂದದ್ದಲ್ಲ, ನೀವು ಬರೆದ ವಿವರದಿಂದ ಬಂದದ್ದು.

ಇನ್ನು ನಿಮ್ಮ 34 ಮತ್ತು 35.5. 68 ಕಿಲೋಗೆ ಶೇ 34 ಅಂದರೆ ಸುಮಾರು 23.1 ಕಿಲೋ ಕೊಬ್ಬು. ಶೇ 35.5 ಅಂದರೆ 24.1 ಕಿಲೋ. ಒಂದು ರಾತ್ರಿಯಲ್ಲಿ ಒಂದು ಕಿಲೋ ಕೊಬ್ಬು ಬರಬೇಕಾದರೆ, ಮೈ ಖರ್ಚು ಮಾಡಿದ್ದಕ್ಕಿಂತ ಸುಮಾರು 7,700 ಕ್ಯಾಲೊರಿ ಜಾಸ್ತಿ ತಿಂದಿರಬೇಕು. ಆಗುವ ಮಾತಲ್ಲ. ಆಗಿದ್ದೇನು ಅಂದರೆ, ದಿನವಿಡೀ ನಿಂತು, ಕೂತು, ಓಡಾಡಿ ಸಂಜೆ ಹೊತ್ತಿಗೆ ಕಾಲಿಗೆ ನೀರು ಇಳಿದಿರುತ್ತದೆ. ಕಾಲಲ್ಲಿ ನೀರು ಜಾಸ್ತಿ ಇದ್ದರೆ ಅಡ್ಡಿ ಕಡಿಮೆ, ಸ್ಕೇಲ್ ಅದನ್ನು ಕೊಬ್ಬು ಕಡಿಮೆ ಎಂದು ಓದುತ್ತದೆ. ರಾತ್ರಿ ಮಲಗಿದಾಗ ಆ ನೀರು ಮೈಗೆಲ್ಲಾ ಹಂಚಿಹೋಗುತ್ತದೆ, ಬೆಳಿಗ್ಗೆ ಬಾಯಾರಿಕೆಯೂ ಇರುತ್ತದೆ, ಅಂಕಿ ಏರುತ್ತದೆ. ಇದು ಅಗ್ಗದ ಮಾಡೆಲ್‌ನ ದೋಷ ಅಲ್ಲ. ದುಬಾರಿಯದರಲ್ಲೂ ಇದೇ ವಿಜ್ಞಾನ.

ಪಾದ ಮಾತ್ರ ಇಡುವ ಸ್ಕೇಲ್‌ನಲ್ಲಿ ಕರೆಂಟ್ ಒಂದು ಕಾಲಿನಿಂದ ಹತ್ತಿ, ಸೊಂಟದ ಕೆಳಗೆ ಹಾದು, ಇನ್ನೊಂದು ಕಾಲಿನಿಂದ ಇಳಿಯುತ್ತದೆ. ಹೊಟ್ಟೆ, ಎದೆ, ಕೈ ಇದಾವುದನ್ನೂ ಮುಟ್ಟುವುದೇ ಇಲ್ಲ. ಹೊಸಿಲು ನೋಡಿ ಮನೆಯಲ್ಲಿ ಎಷ್ಟು ಕೋಣೆ ಎಂದು ಹೇಳಿದ ಹಾಗೆ. ಆದರೂ ವಿಸರಲ್ ಫ್ಯಾಟ್, ಅಂದರೆ ಹೊಟ್ಟೆಯೊಳಗೆ ಅಂಗಗಳ ಸುತ್ತ ಕೂರುವ ಕೊಬ್ಬಿಗೆ ಒಂದು ಅಂಕಿ ಕೊಡುತ್ತದೆ. ಅದನ್ನು ನಿಜವಾಗಿ ನೋಡಬೇಕಾದರೆ ಸಿಟಿ ಇಲ್ಲವೇ ಎಂಆರ್‌ಐ ಬೇಕು. ಸ್ಕೇಲ್ ಕೊಡುವುದು ವಯಸ್ಸು, ತೂಕ, ಎತ್ತರ, ಕಾಲಿನ ಅಡ್ಡಿ ಇವನ್ನು ಕೂಡಿಸಿ ಮಾಡಿದ ಊಹೆ.

ಬಿಎಂಆರ್, ಅಂದರೆ ಸುಮ್ಮನೆ ಮಲಗಿದ್ದರೂ ಮೈ ದಿನಕ್ಕೆ ಖರ್ಚು ಮಾಡುವ ಕ್ಯಾಲೊರಿ. ಅದಕ್ಕೆ ಸ್ಕೇಲ್ ಬೇಕೇ ಇಲ್ಲ. 1990ರ ಮಿಫ್ಲಿನ್ ಸೂತ್ರ ಇದೆ, ಪೆನ್ನು ಹಿಡಿದು ಮಾಡಬಹುದು. ತೂಕಕ್ಕೆ 10ರಿಂದ ಗುಣಿಸಿ, ಎತ್ತರಕ್ಕೆ 6.25ರಿಂದ ಗುಣಿಸಿ, ಎರಡನ್ನೂ ಕೂಡಿಸಿ. ವಯಸ್ಸನ್ನು 5ರಿಂದ ಗುಣಿಸಿ ಕಳೆಯಿರಿ. ಹೆಂಗಸರಾದರೆ ಇನ್ನೂ 161 ಕಳೆಯಿರಿ. ನಿಮಗೆ ಸುಮಾರು 1,310 ಕ್ಯಾಲೊರಿ ಬರುತ್ತದೆ. ಮೆಟಬಾಲಿಕ್ ಏಜ್ ಎನ್ನುವುದು ಇಂಥ ಲೆಕ್ಕವನ್ನೇ ಯಾವ ವಯಸ್ಸಿನವರ ಸರಾಸರಿಗೆ ಹೊಂದುತ್ತದೆ ಎಂದು ನೋಡಿ ಹೇಳುವುದು. ಅದಕ್ಕೆ ದುಡ್ಡು ಕೊಡಬೇಡಿ.

ಮೂಳೆಯ ಅಂಕಿ ನೋಡಿದರೆ ನನಗೆ ನಿಜವಾಗಿಯೂ ಬೇಸರ ಆಗುತ್ತದೆ. ಸ್ಕೇಲ್ ಮೂಳೆಯನ್ನು ಅಳೆಯುವುದೇ ಇಲ್ಲ. ಕೊಬ್ಬಿಲ್ಲದ ತೂಕ ಇಷ್ಟಿದ್ದರೆ ಮೂಳೆ ಇಷ್ಟಿರಬಹುದು ಎಂದು ಬರೆಯುತ್ತದೆ. ಅಲ್ಲಿ ಸಹಜ ಎಂದು ಹಸಿರು ಬಣ್ಣದಲ್ಲಿ ಕಂಡರೆ ಜನ ನಂಬುತ್ತಾರೆ. ನಿಮ್ಮದು 44, ಮುಟ್ಟು ನಿಲ್ಲುವ ಕಾಲ ಹತ್ತಿರ ಬರುತ್ತಿದೆ. ಆಮೇಲೆ ಹೆಂಗಸರಿಗೆ ಮೂಳೆ ಬೇಗ ಸವೆಯುತ್ತದೆ. ಮನೆಯಲ್ಲಿ ತಾಯಿಗೆ ಸೊಂಟದ ಮೂಳೆ ಮುರಿದ ಇತಿಹಾಸ ಇದ್ದರೆ, ಸಣ್ಣದಾಗಿ ಬಿದ್ದದ್ದಕ್ಕೇ ಮೂಳೆ ಮುರಿದಿದ್ದರೆ, ಸ್ಟಿರಾಯ್ಡ್ ಮಾತ್ರೆ ತುಂಬಾ ದಿನ ತಗೊಂಡಿದ್ದರೆ ವೈದ್ಯರ ಹತ್ತಿರ ಮಾತಾಡಿ. ಆ್ಯಪ್‌ನ ಹಸಿರು ಬಣ್ಣ ನೋಡಿ ಆ ಭೇಟಿಯನ್ನು ಮುಂದೂಡಬೇಡಿ.

ಬೆಳಗಿನ ನಡಿಗೆ:

ಇಷ್ಟು ಬಿಡಿಸಿ ಹೇಳಿದ್ದಕ್ಕೆ ತುಂಬಾ ಥ್ಯಾಂಕ್ಸ್. ಮಾವನವರ ವಿಷಯ ನನಗೆ ಹೊಳೆದೇ ಇರಲಿಲ್ಲ. ಸಂಜೆಯೇ ಮನೆಯವರಿಗೆ ಹೇಳಿದೆ, ಹಳೆಯ ಮಷಿನ್ ಅವರ ಕೋಣೆಗೆ ಹೋಯಿತು.

ಇನ್ನೆರಡು ಕೇಳಬೇಕು. ಕೈ ಹಿಡಿಕೆ ಇರುವ ಎಂಟು ಎಲೆಕ್ಟ್ರೋಡ್‌ನದು ಹೊಟ್ಟೆ, ಕೈ ಎಲ್ಲವನ್ನೂ ಅಳೆಯುತ್ತದೆ ಅಲ್ವಾ? ಹಾಗಾದರೆ ಅದು ಸರಿಯಾಗಿ ತೋರಿಸಬಹುದಾ? ಇನ್ನೊಂದು, ಮೇಲೆ ಹೇಳಿದ ಹಾಗೆ ಅಂಕಿ ತಪ್ಪಾದರೂ ಒಂದೇ ರೀತಿ ತಪ್ಪಾಗುತ್ತಿದ್ದರೆ, ಇಳಿಯುತ್ತಿದೆಯಾ ಏರುತ್ತಿದೆಯಾ ಎಂದಾದರೂ ಗೊತ್ತಾಗುತ್ತದೆ ಅಲ್ವಾ?

ಸ್ಕ್ಯಾನ್ ಕೋಣೆ:

ಹಿಡಿಕೆ ಇರುವುದು ಖಂಡಿತ ಉತ್ತಮ. ಎರಡು ಕೈ, ಎರಡು ಕಾಲು, ಮುಂಡ, ಐದನ್ನೂ ಬೇರೆ ಬೇರೆ ಅಳೆಯಬಹುದು. ಒಳ್ಳೆಯ ಮಾಡೆಲ್‌ಗಳು ಒಂದಕ್ಕಿಂತ ಜಾಸ್ತಿ ಫ್ರೀಕ್ವೆನ್ಸಿ ಬಳಸುತ್ತವೆ. 5 ಕಿಲೋಹರ್ಟ್ಜ್‌ನಂಥ ಕಡಿಮೆ ಫ್ರೀಕ್ವೆನ್ಸಿ ಜೀವಕೋಶದ ಹೊರಗಿನ ನೀರಲ್ಲೇ ಹರಿಯುತ್ತದೆ, ಜಾಸ್ತಿ ಫ್ರೀಕ್ವೆನ್ಸಿ ಕೋಶದ ಒಳಗೂ ಹಾಯುತ್ತದೆ. ಹೀಗಾಗಿ ಒಳಗಿನ ನೀರು, ಹೊರಗಿನ ನೀರು ಎಂದು ಬೇರೆ ಮಾಡಲು ಆಗುತ್ತದೆ.

ಆದರೆ ಒಂದು ತೊಡಕು ಉಳಿಯುತ್ತದೆ. ಮುಂಡದಲ್ಲಿ ಮೈಯ ತೂಕದ ಹೆಚ್ಚುಕಡಿಮೆ ಅರ್ಧ ಇದೆ. ಆದರೆ ಅದು ದಪ್ಪ, ಗಿಡ್ಡ. ಆದ್ದರಿಂದ ಕೈಯಿಂದ ಕಾಲಿನವರೆಗಿನ ಒಟ್ಟು ಅಡ್ಡಿಯಲ್ಲಿ ಅದರ ಪಾಲು ಸುಮಾರು ಹತ್ತರಲ್ಲಿ ಒಂದು ಮಾತ್ರ. ಸಪೂರ ಇರುವ ಕೈಕಾಲುಗಳದ್ದೇ ಉಳಿದದ್ದೆಲ್ಲಾ. ಹೊಟ್ಟೆಯಲ್ಲಿ ಆದ ಬದಲಾವಣೆ ಈ ಅಂಕಿಯಲ್ಲಿ ಸಣ್ಣದಾಗಿ ಕಾಣುತ್ತದೆ, ಮಣಿಕಟ್ಟಿನ ಹತ್ತಿರದ ಸಣ್ಣ ವ್ಯತ್ಯಾಸ ದೊಡ್ಡದಾಗಿ ಕಾಣುತ್ತದೆ. ನಾವು ತಿಳಿದುಕೊಳ್ಳಬೇಕೆಂದಿರುವುದು ಹೊಟ್ಟೆಯ ಬಗ್ಗೆಯೇ. ಸೂತ್ರದ ಸಮಸ್ಯೆಯೂ ಹಾಗೇ ಇದೆ. ಯಾವ ಜನರನ್ನು ಅಳೆದು ಸೂತ್ರ ಮಾಡಿದರೋ ನಿಮ್ಮ ಮೈಕಟ್ಟು ಅವರಂತೆ ಇರಬೇಕಾಗಿಲ್ಲ. ಬಿಎಂಐ, ಅಂದರೆ ಎತ್ತರಕ್ಕೆ ತಕ್ಕ ತೂಕದ ಅಂಕಿ, ಒಂದೇ ಇದ್ದರೂ ಏಷ್ಯಾದ ಜನರಲ್ಲಿ ಕೊಬ್ಬಿನ ಪಾಲು ಯುರೋಪಿನವರಿಗಿಂತ ಜಾಸ್ತಿ ಇರುತ್ತದೆ ಎಂಬುದು ಚೆನ್ನಾಗಿ ಗೊತ್ತಿರುವ ವಿಷಯ.

ಡೆಕ್ಸಾ ಕೂಡ ದೇವರಲ್ಲ. ಒಂದು ಕಂಪನಿಯ ಯಂತ್ರಕ್ಕೂ ಇನ್ನೊಂದಕ್ಕೂ ಅಂಕಿ ಬೇರೆ ಬರುತ್ತದೆ. ಅದಕ್ಕೇ ನಾವು ಹೋಲಿಸುವುದಾದರೆ ಅದೇ ಯಂತ್ರಕ್ಕೆ ಬನ್ನಿ ಎನ್ನುತ್ತೇವೆ.

ಎರಡನೇ ಪ್ರಶ್ನೆ ಒಳ್ಳೆಯದು. ಒಂದೇ ರೀತಿ ತಪ್ಪಾದರೆ ನೀವು ಹೇಳಿದ್ದು ಸರಿ. ಆದರೆ ತಪ್ಪು ಒಂದೇ ರೀತಿ ಇರುವುದಿಲ್ಲ, ಅದು ನೀರಿನ ಜೊತೆ ಓಡಾಡುತ್ತದೆ. ಊಟ ಕಡಿಮೆ ಮಾಡಿದ ಮೊದಲ ವಾರ ನೋಡಿ. ಲಿವರ್ ಮತ್ತು ಸ್ನಾಯುವಿನಲ್ಲಿ ಗ್ಲೈಕೋಜನ್ ಎಂಬ ಸಂಗ್ರಹ ಇರುತ್ತದೆ. ಪ್ರತಿ ಗ್ರಾಂ ಜೊತೆ ಸುಮಾರು 3 ಗ್ರಾಂ ನೀರು ಇರುತ್ತದೆ. ಅದು ಕರಗಿದಾಗ ನೀರೂ ಹೋಗುತ್ತದೆ. ಸ್ಕೇಲ್ ಇದನ್ನು ಸ್ನಾಯು ಇಳಿಯಿತು ಎಂದು ತೋರಿಸುತ್ತದೆ. ಪಾಪ, ಎಷ್ಟೋ ಜನ ಅಲ್ಲೇ ಹೆದರಿ ಬಿಟ್ಟುಬಿಡುತ್ತಾರೆ. ಇನ್ನೊಂದು ಕಡೆ ಹೊಸದಾಗಿ ಭಾರ ಎತ್ತಲು ಶುರು ಮಾಡಿದವರ ಸ್ನಾಯು ನೀರು ಹಿಡಿದುಕೊಳ್ಳುತ್ತದೆ. ಅದು ಸ್ನಾಯು ಬೆಳೆದ ಹಾಗೆ ಕಾಣುತ್ತದೆ. ಮುಟ್ಟಿನ ದಿನಗಳು, ಉಪ್ಪು ಜಾಸ್ತಿ ಆದ ಊಟ, ವ್ಯಾಯಾಮ ಮಾಡಿ ಮೈ ಬಿಸಿ ಇರುವುದು, ಪಾದ ಒಣಗಿ ಗಟ್ಟಿಯಾಗಿರುವುದು, ಎಲ್ಲವೂ ಅಂಕಿಯನ್ನು ಅಲುಗಾಡಿಸುತ್ತವೆ.

ಆರು ತಿಂಗಳಲ್ಲಿ ಹತ್ತು ಹನ್ನೆರಡು ಕಿಲೋ ಇಳಿಸುವವರಿಗೆ ದಿಕ್ಕು ಕಾಣುತ್ತದೆ, ಅದನ್ನು ಒಪ್ಪುತ್ತೇನೆ. ಆದರೆ ಅವರಿಗೆ ಸಾದಾ ತೂಕದಲ್ಲೇ ಕಾಣುತ್ತಿತ್ತು. ನಿಮ್ಮ ಪ್ರಶ್ನೆ ಬೇರೆ. ತೂಕ ನಿಂತಿದೆ, ಒಳಗೆ ಒಂದೆರಡು ಕಿಲೋ ಅದಲುಬದಲು ಆಗಿದೆಯಾ ಎಂದು ನೋಡಬೇಕು. ಅಷ್ಟು ಸಣ್ಣ ಬದಲಾವಣೆಯನ್ನೇ ಈ ಸ್ಕೇಲ್‌ಗಳು ನಂಬಿಕೆಯಿಂದ ಹೇಳಲಾರವು. ಒಂದು ರಾತ್ರಿಯಲ್ಲೇ ಒಂದು ಕಿಲೋ ಆಚೀಚೆ ಆಗಿದ್ದನ್ನು ನೀವೇ ನೋಡಿದ್ದೀರಿ.

ನಿಮ್ಮ ಮೊದಲ ಮಾತಿನಲ್ಲೇ ಉತ್ತರದ ಹೆಚ್ಚಿನ ಭಾಗ ಇದೆ. ಬಟ್ಟೆ ಸಡಿಲ ಆಗಿದೆ ಎಂದಿರಿ. ಸೊಂಟ ಸಣ್ಣ ಆಗಿ ತೂಕ ಅಷ್ಟೇ ಇದ್ದರೆ, ಕೊಬ್ಬು ಇಳಿದು ಬೇರೇನೋ ಆ ಜಾಗ ತುಂಬಿದೆ ಎಂದೇ ಅರ್ಥ. ಸೊಂಟವನ್ನು ಟೇಪ್ ಹಿಡಿದು ಅಳೆಯುತ್ತಿರಿ, ಅದರ ಜೊತೆ ನೀವು ಎತ್ತುವ ಡಂಬೆಲ್ ತೂಕವನ್ನೂ ಬರೆದಿಡಿ. ಮೊದಲ ಕೆಲವು ವಾರದ ಏರಿಕೆಯಲ್ಲಿ ನರಗಳು ಕಲಿತ ಪಾಲು ಜಾಸ್ತಿ ಇರುತ್ತದೆ, ಅದನ್ನು ಪೂರ್ತಿ ಸ್ನಾಯು ಎನ್ನಬೇಡಿ. ತಿಂಗಳುಗಟ್ಟಲೆ ಏರುತ್ತಾ ಹೋದರೆ ಸ್ನಾಯುವೂ ಬರುತ್ತಿದೆ.

ಅಪ್ಪನ ಆರೈಕೆ:

ಬೇರೆ ಒಂದು ಮಾತು ಸೇರಿಸುತ್ತೇನೆ. ನಮ್ಮ ತಂದೆಗೆ ಹಾರ್ಟ್ ಫೇಲ್ಯೂರ್ ಇದೆ. ನಮ್ಮ ಮನೆಯಲ್ಲಿ ಔಷಧಿ ಡಬ್ಬಿಯಷ್ಟೇ ಮುಖ್ಯ ತೂಕದ ಮಷಿನ್. ಬೆಳಿಗ್ಗೆ ಎದ್ದು, ಮೂತ್ರಕ್ಕೆ ಹೋಗಿ ಬಂದು, ತಿಂಡಿಗೆ ಮುಂಚೆ, ಹೆಚ್ಚುಕಡಿಮೆ ಅಷ್ಟೇ ಬಟ್ಟೆಯಲ್ಲಿ ನಿಲ್ಲಿಸುತ್ತೇವೆ. ಒಂದೇ ದಿನದಲ್ಲಿ ಒಂದು ಒಂದೂವರೆ ಕಿಲೋ ಏರಿದರೆ, ಇಲ್ಲಾ ವಾರದಲ್ಲಿ ಎರಡು ಕಿಲೋಗಿಂತ ಜಾಸ್ತಿ ಏರಿದರೆ ಕಾಯಬೇಡಿ, ಫೋನ್ ಮಾಡಿ ಎಂದು ವೈದ್ಯರು ಹೇಳಿದ್ದಾರೆ. ಅದು ಕೊಬ್ಬಲ್ಲ, ಮೈಯಲ್ಲಿ ನೀರು ನಿಲ್ಲುತ್ತಿರುವುದು. ಕಾಲು ಊದಿಕೊಳ್ಳುವುದಕ್ಕೆ, ಉಸಿರಾಟ ಕಷ್ಟ ಆಗುವುದಕ್ಕೆ ಮುಂಚೆಯೇ ತೂಕ ಹೇಳಿಬಿಡುತ್ತದೆ. ಹಾಗೆ ಮುಂಚೆಯೇ ತಿಳಿದು ಮಾತ್ರೆ ಸರಿಮಾಡಿಸಿಕೊಂಡಿದ್ದೇವೆ, ಅಪ್ಪ ಆಸ್ಪತ್ರೆಗೆ ಸೇರುವುದು ತಪ್ಪಿದೆ.

ನಿಮ್ಮ ಮಾವನವರಿಗೆ ಯಾವ ಕಾರಣಕ್ಕೆ ಪೇಸ್‌ಮೇಕರ್ ಹಾಕಿದ್ದಾರೋ ನನಗೆ ಗೊತ್ತಿಲ್ಲ. ದಿನಾ ತೂಕ ನೋಡಿ ಎಂದು ಹೇಳಿರುವುದಾದರೆ, ಎಷ್ಟು ಏರಿದರೆ ಫೋನ್ ಮಾಡಬೇಕು ಎಂದು ಅವರ ವೈದ್ಯರನ್ನೇ ಕೇಳಿ, ಆ ಅಂಕಿಯನ್ನು ಮಷಿನ್ ಪಕ್ಕದ ಗೋಡೆಗೆ ಬರೆದು ಅಂಟಿಸಿ. ಮಷಿನ್ ಗಟ್ಟಿ ನೆಲದ ಮೇಲೆ ಇರಲಿ. ಕಾರ್ಪೆಟ್ ಮೇಲೆ ಇಟ್ಟರೆ ತೂಕ ತಪ್ಪು ಬರುತ್ತದೆ. ಜಾಗವನ್ನೂ ಬದಲಾಯಿಸಬೇಡಿ.

ಕೋಡ್ ಬರೆಯುವವ:

ದುಬಾರಿ ಸ್ಕೇಲ್ ತಗೊಂಡರೆ ಅರ್ಧ ದುಡ್ಡು ಹೋಗುವುದು ಸಾಫ್ಟ್‌ವೇರ್‌ಗೆ. ಅದು ನಿಮ್ಮ ಕೈಯಲ್ಲಿ ಇರುವುದಿಲ್ಲ. ವಿದಿಂಗ್ಸ್ ಕಂಪನಿ 2016ರಲ್ಲಿ ಬಾಡಿ ಕಾರ್ಡಿಯೋ ಎಂಬ ಸ್ಕೇಲ್ ತಂದಿತು. ಪಲ್ಸ್ ವೇವ್ ವೆಲಾಸಿಟಿ, ಅಂದರೆ ರಕ್ತನಾಳ ಎಷ್ಟು ಗಡುಸಾಗಿದೆ ಎಂದು ಸೂಚಿಸುವ ಅಳತೆಯೇ ಅದರ ಆಕರ್ಷಣೆ. ಅದೇ ವರ್ಷ ನೋಕಿಯಾ ಆ ಕಂಪನಿಯನ್ನು ಕೊಂಡಿತು. 2018ರ ಜನವರಿಯಲ್ಲಿ ಆ ಅಳತೆಯನ್ನು ಅಪ್‌ಡೇಟ್ ಮೂಲಕ ತೆಗೆದುಹಾಕಿತು. ಅದಕ್ಕೆ ಸರ್ಕಾರಿ ಅನುಮತಿ ಬೇಕಾಗಬಹುದು ಎಂಬ ಕಾರಣಕ್ಕೆ. ಅದಕ್ಕೆಂದೇ ಜಾಸ್ತಿ ದುಡ್ಡು ಕೊಟ್ಟವರ ಮನೆಯಲ್ಲಿ ಸ್ಕೇಲ್ ಹಾಗೇ ಇತ್ತು, ಆ ಅಳತೆ ಮಾತ್ರ ಇರಲಿಲ್ಲ.

ತಗೊಳ್ಳುವುದೇ ಆದರೆ ಮೂರು ವಿಷಯ ನೋಡಿ. ಫೋನ್ ಇಲ್ಲದೆಯೂ ತೂಕ ಡಿಸ್‌ಪ್ಲೇಯಲ್ಲಿ ಬರುತ್ತದಾ? ಅಕೌಂಟ್ ಮಾಡದೆ ನಡೆಯುತ್ತದಾ? ನಿಮ್ಮ ದಾಖಲೆಯನ್ನು ಫೈಲ್ ಆಗಿ ಹೊರಗೆ ತೆಗೆಯಲು ಬರುತ್ತದಾ? ಆಂಡ್ರಾಯ್ಡ್ ಫೋನ್ ಇದ್ದರೆ ಓಪನ್‌ಸ್ಕೇಲ್ ಎಂಬ ಉಚಿತ ಆ್ಯಪ್ ಇದೆ. ಅಗ್ಗದ ಬ್ಲೂಟೂತ್ ಸ್ಕೇಲ್‌ಗಳು ಎಷ್ಟೋ ಇದಕ್ಕೆ ಹೊಂದುತ್ತವೆ, ದಾಖಲೆ ನಿಮ್ಮ ಫೋನ್‌ನಲ್ಲೇ ಇರುತ್ತದೆ. ಸಂಜೆ ಓಟ ಅವರು ಹೇಳಿದ ತಾನಾಗಿ ಬರೆದುಕೊಳ್ಳುವ ಅನುಕೂಲ ನಿಜವಾಗಿಯೂ ದೊಡ್ಡದು. ಆದರೆ ಅದಕ್ಕೆ ದುಬಾರಿಯದೇ ಬೇಕಾಗಿಲ್ಲ.

ಸಂಜೆ ಓಟ:

ಈ ಮಾತು ಒಪ್ಪುತ್ತೇನೆ. ನಾನು ಬಳಸುವುದು ತೂಕದ ಗ್ರಾಫ್ ಮಾತ್ರ. ದಿನದ ತೂಕಕ್ಕಿಂತ ಏಳು ದಿನದ ಸರಾಸರಿ ನೋಡಿ. ಈ ವಾರದ ಸರಾಸರಿಯನ್ನು ಹೋದ ತಿಂಗಳ ಇದೇ ವಾರದ ಸರಾಸರಿಗೆ ಹೋಲಿಸಿ. ಮುಟ್ಟಿನ ಏರಿಳಿತವೂ ಅದರಲ್ಲಿ ಸುಮಾರಾಗಿ ಕಳೆದುಹೋಗುತ್ತದೆ ಎಂದು ನನ್ನ ಹೆಂಡತಿ ಹೇಳುತ್ತಾಳೆ. ಅವಳೂ ಹಾಗೇ ನೋಡುವುದು.

ಬೆಳಗಿನ ನಡಿಗೆ:

ನಿರ್ಧಾರ ಮಾಡಿದೆ. ಹಿಡಿಕೆ ಇರುವ ದುಬಾರಿಯದು ಬೇಡ. ನನಗೆ ಒಂದು ಅಗ್ಗದ ಬ್ಲೂಟೂತ್ ಸ್ಕೇಲ್, ಜೊತೆಗೆ ಟೇಪ್. ಮಾವನವರ ವೈದ್ಯರ ಹತ್ತಿರ ಆ ಅಂಕಿಯನ್ನೂ ಕೇಳುತ್ತೇವೆ.

ಕೊನೆಯದಾಗಿ ಒಂದು. ಸೊಂಟ ಅಳೆಯುವಾಗ ಪ್ರತಿ ಸಲ ಬೇರೆ ಬರುತ್ತದೆ. ಹೊಕ್ಕುಳ ಹತ್ತಿರ ಹಿಡಿದರೆ ಒಂದು, ಸ್ವಲ್ಪ ಮೇಲೆ ಹಿಡಿದರೆ ಇನ್ನೊಂದು. ಸರಿಯಾದ ಜಾಗ ಯಾವುದು? ಎಷ್ಟು ಇದ್ದರೆ ಒಳ್ಳೆಯದು?

ಸ್ಕ್ಯಾನ್ ಕೋಣೆ:

ಹೊಕ್ಕುಳನ್ನು ಗುರುತು ಮಾಡಿಕೊಳ್ಳಬೇಡಿ, ಹೊಟ್ಟೆ ಇಳಿದ ಹಾಗೆ ಅದರ ಜಾಗವೂ ಬದಲಾಗುತ್ತದೆ. ಮೂಳೆ ಹಿಡಿದು ನೋಡಿ. ಪಕ್ಕೆಯ ಕಡೆ ಬೆರಳಿನಿಂದ ಒತ್ತಿದರೆ ಕೊನೆಯ ಪಕ್ಕೆಲುಬು ಸಿಗುತ್ತದೆ. ಅಲ್ಲಿಂದ ಕೆಳಗೆ ಬಂದರೆ ಸೊಂಟದ ಮೂಳೆಯ ಮೇಲಿನ ಅಂಚು ಸಿಗುತ್ತದೆ. ಎರಡರ ನಡುಮಧ್ಯೆ ಟೇಪ್ ಬರಬೇಕು. ವಿಶ್ವ ಆರೋಗ್ಯ ಸಂಸ್ಥೆ ಹೇಳುವ ಜಾಗ ಇದೇ. ಕಾಲು ಜೋಡಿಸಿ ನೆಟ್ಟಗೆ ನಿಲ್ಲಿ. ಟೇಪ್ ಹಿಂದೆ ಜಾರದೆ ನೆಲಕ್ಕೆ ಸಮವಾಗಿದೆಯಾ ಎಂದು ಕನ್ನಡಿಯಲ್ಲಿ ನೋಡಿ. ಹೊಟ್ಟೆ ಒಳಗೆ ಎಳೆಯಬೇಡಿ. ಸಹಜವಾಗಿ ಉಸಿರು ಬಿಟ್ಟ ಕೊನೆಯಲ್ಲಿ ಓದಿ. ಟೇಪ್ ಚರ್ಮಕ್ಕೆ ತಾಗಿರಲಿ, ಒತ್ತಬಾರದು.

ಎಷ್ಟಿರಬೇಕು ಎಂದರೆ, ಸೊಂಟ ಎತ್ತರದ ಅರ್ಧಕ್ಕಿಂತ ಕಡಿಮೆ ಇರಲಿ. ಬ್ರಿಟನ್ನಿನಲ್ಲಿ ಚಿಕಿತ್ಸೆಯ ಮಾರ್ಗಸೂಚಿ ಮಾಡುವ ನೈಸ್ (NICE) ಸಂಸ್ಥೆ 2022ರಲ್ಲಿ ಇದೇ ಸಲಹೆ ಕೊಟ್ಟಿತು. ನಿಮ್ಮ ಎತ್ತರಕ್ಕೆ ಅದು 81 ಸೆಂಟಿಮೀಟರ್. ಅದಕ್ಕಿಂತ ಜಾಸ್ತಿ ಇದ್ದರೆ ಗಾಬರಿ ಬೇಡ, ಇಳಿಯುತ್ತಿದೆಯಾ ಎಂದು ನೋಡಿ. ವಾರಕ್ಕೊಮ್ಮೆ ಸಾಕು, ಬೆಳಿಗ್ಗೆ ಏನೂ ತಿನ್ನುವ ಮುಂಚೆ. ಎರಡು ಸಲ ಅಳೆಯಿರಿ. ಎರಡರ ನಡುವೆ ಒಂದು ಸೆಂಟಿಮೀಟರ್‌ಗಿಂತ ಜಾಸ್ತಿ ವ್ಯತ್ಯಾಸ ಬಂದರೆ ಟೇಪ್ ತೆಗೆದು, ಮೂಳೆ ಮತ್ತೆ ಹುಡುಕಿ, ಮೊದಲಿನಿಂದ ಅಳೆಯಿರಿ.